ಕಾಂತಪ್ಪನವರ ಮುಂಗಡ ಹರಕೆ

ಊರು ಬಿಟ್ಟು ವಿದೇಶದ ರೆಕ್ಸ್‌ಡೇಲ್‌ನಲ್ಲಿ ನೆಲೆಸಿದ ಕಾಂತಪ್ಪನವರಿಗೆ ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಇರುವುದು ಒಂದೇ ಕಾಯಿಲೆ: ಯಾವುದನ್ನೂ ಅದರ ಹೊತ್ತಿಗೆ ಮಾಡಲು ಬಿಡದೆ ಮುಂಚೆಯೇ ಮಾಡಿ ಮುಗಿಸುವುದು. ಊರೆಲ್ಲ ನವೆಂಬರಿನಲ್ಲಿ ಕಾರಿಗೆ ಚಳಿಗಾಲದ ಟೈರು ಹಾಕಿಸಿದರೆ ಇವರದು ಸೆಪ್ಟೆಂಬರಿನಲ್ಲೇ ಆಗಿರುತ್ತದೆ. ಯಾರನ್ನಾದರೂ ಕರೆತರಲು ಏರ್‌ಪೋರ್ಟಿಗೆ ಹೋದರೆ, ಆ ವಿಮಾನ ಇನ್ನೂ ಸಮುದ್ರದ ಮೇಲಿರುವಾಗಲೇ ಇವರು ಪಾರ್ಕಿಂಗಿನಲ್ಲಿರುತ್ತಾರೆ. ಬರ್ಲಿಂಗ್ಟನ್‌ನ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಶಿಫ್ಟಿಗೆ ಎಷ್ಟು ಬೇಗ ಹೋಗುತ್ತಾರೆಂದರೆ, ಕಾರಿನಲ್ಲೇ ಕೂತು ಮಧ್ಯಾಹ್ನದ ಬುತ್ತಿಯನ್ನು ಅರ್ಧ ಮುಗಿಸಿಯೇ ಒಳಗೆ ಕಾಲಿಡುವುದು.

ಇಂಥವರು ದೇವರ ಹತ್ತಿರ ಮಾತ್ರ ತಾಳ್ಮೆಯಿಂದ ಇರುತ್ತಾರೆಯೆ? ೨೦೧೫ರಲ್ಲಿ ಒಬ್ಬಳೇ ಮಗಳು ತೃಷಾಳಿಗೆ ಮೆಡಿಕಲ್ ಸೀಟು ಸಿಕ್ಕಿತು. ಸರ್ಜನ್ ಆಗುವುದು ಅವಳ ಆಸೆ. ಅವತ್ತೇ ಕಾಂತಪ್ಪನವರು, ಅವಳು ಸರ್ಜನ್ ಆದರೆ ಊರಿನ ದೇವಿಯ ಮೇಳದಿಂದ ಒಂದು ಆಟ ಆಡಿಸುತ್ತೇನೆ ಎಂದು ಹರಕೆ ಹೇಳಿಕೊಂಡರು. ಆಟ ಎಂದರೆ ನಮ್ಮ ಕರಾವಳಿಯವರ ಬಾಯಲ್ಲಿ ಯಕ್ಷಗಾನ, ಮೇಳ ಎಂದರೆ ಅದನ್ನು ಆಡುವ ತಂಡ. ಹಾಗೆ ಹರಕೆ ಹೊತ್ತವರ ಸಾಲು ಎಷ್ಟು ಉದ್ದವೆಂದರೆ, ಮಗು ಹುಟ್ಟಲಿ ಎಂದು ಹೇಳಿಕೊಂಡ ಆಟಕ್ಕೆ ಆ ಮಗುವೇ ಮೀಸೆ ತಿರುವುತ್ತ ಬಂದು ಎದುರಿನ ಕುರ್ಚಿ ಹಿಡಿಯುತ್ತದೆ.

ಇದು ಗೊತ್ತಿದ್ದ ಕಾಂತಪ್ಪನವರು, ದೇವಿ ವರ ಕೊಡುವವರೆಗೆ ಯಾಕೆ ಕಾಯಬೇಕೆಂದು ಮುಂಗಡವಾಗಿಯೇ ಹೆಸರು ಬರೆಸಿದರು. ನಮ್ಮ ಸರದಿ ಬರುವ ಹೊತ್ತಿಗೆ ಮಗಳು ಸರ್ಜನ್ ಆಗಿರುತ್ತಾಳೆ ಎಂದು ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಯಾರದೋ ಮನೆಯಲ್ಲಿ ಆಟ ಯಾರ ಅಂಗಳದಲ್ಲಿ ಆಗಬೇಕೆಂದು ಅಣ್ಣತಮ್ಮಂದಿರ ಜಗಳವಾಗಿ ಅವರ ದಿನ ಖಾಲಿ ಬಿತ್ತು. ಕಿನ್ನಿಗೋಳಿಯಲ್ಲಿರುವ ಭಾವ ರಘುನಾಥರು ಅದನ್ನು ಓಡಿಹೋಗಿ ಇವರ ಹೆಸರಿಗೆ ಹಿಡಿದುಬಿಟ್ಟರು. ೨೦೧೯ರ ಏಪ್ರಿಲ್.

ಏಪ್ರಿಲ್ ೨೦೧೯ಕ್ಕೆ ತೃಷಾ ಇನ್ನೂ ಓದು ಮುಗಿಸುವ ಹಂತದಲ್ಲಿರುತ್ತಾಳೆ. ಅದಕ್ಕೆ ಕಾಂತಪ್ಪನವರು ಹೈವೇಯ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ದೇವಿಯೊಡನೆ ಒಂದು ಸಣ್ಣ ತಿದ್ದುಪಡಿ ಮಾಡಿಕೊಂಡರು. ಪೂರ್ತಿ ಸರ್ಜನ್ ಆಗದಿದ್ದರೂ ಅಡ್ಡಿಯಿಲ್ಲ, ಸರ್ಜರಿ ಕಲಿಸುವ ರೆಸಿಡೆನ್ಸಿ ಸೀಟು ಸಿಕ್ಕಿದರೆ ಸಾಕು. ಅದು ಮಾರ್ಚಿನಲ್ಲಿ ಗೊತ್ತಾಗುತ್ತದೆ, ಏಪ್ರಿಲಿನಲ್ಲಿ ಆಟ. ದೇವಿ ಆಕ್ಷೇಪವೇನೂ ಎತ್ತಲಿಲ್ಲ. ಸುದ್ದಿ ಮುಂಬೈಯ ಅಕ್ಕನಿಗೂ ಮಸ್ಕತ್ತಿನ ಷಡ್ಡಕನಿಗೂ ಮುಟ್ಟಿತು. ವಿಮಾನದವರು ಅಷ್ಟು ಮುಂಚೆ ಟಿಕೆಟ್ ಮಾರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಟಿಕೆಟ್ ಮಾತ್ರ ಆಗಿರಲಿಲ್ಲ.

ಹೀಗಿರುವಾಗ ೨೦೧೮ರ ವಸಂತದ ಒಂದು ಶನಿವಾರ ಸಂಜೆ ತೃಷಾ ತನ್ನ ಬಾಡಿಗೆ ಕೋಣೆಯಿಂದ ಮನೆಗೆ ಬಂದಳು. ಕಾಂತಪ್ಪನವರ ಹೆಂಡತಿ ಅರುಂಧತಿ ಕೋಳಿ ಸಾರು ಮಾಡಿದ್ದರು. ಕಾಂತಪ್ಪನವರ ತಾಯಿ ಕೊರಪ್ಪೊಳು, ಎಂಬತ್ತು ದಾಟಿದ ಮುದುಕಿ, ಅಕ್ಕಿಯ ಗರಿಗರಿ ಕೋರಿ ರೊಟ್ಟಿಯನ್ನು ಓವನಿನಲ್ಲಿ ಬೆಚ್ಚಗೆ ಮಾಡಿ ಎಲ್ಲರ ತಟ್ಟೆಗೆ ಮುರಿದು ಹಾಕುತ್ತಿದ್ದರು. ಸಾರು ಹಾಕಿಸಿಕೊಂಡ ಮೇಲೆ ತೃಷಾ ವಿಷಯ ತೆಗೆದಳು. ಈ ವರ್ಷ ರೆಸಿಡೆನ್ಸಿಗೆ ಅಪ್ಲೈ ಮಾಡದೆ, ಓದಿಗೆ ಒಂದು ವರ್ಷ ಬಿಡುವು ಕೊಟ್ಟು, ರಿಸರ್ಚ್ ಮಾಡಿದರೆ ಹೇಗೆ ಎಂದು ಯೋಚಿಸುತ್ತಿದ್ದಾಳೆ. ಅವಳಿಗೆ ಬೇಕಾದ ವಿಭಾಗದಲ್ಲಿ ಇಡೀ ದೇಶಕ್ಕೆ ಬೆರಳೆಣಿಕೆಯ ಸೀಟು. ಕೇಳುವವರೆಲ್ಲ ಹೆಸರಿನ ಹಿಂದೆ ಒಂದೆರಡು ರಿಸರ್ಚ್ ಪೇಪರ್ ಇಟ್ಟುಕೊಂಡು ಬರುತ್ತಾರೆ. ಹಾಗೆ ಇಲ್ಲದೆ ಹೋದ ಅವಳ ಸೀನಿಯರಿಗೆ ಎಲ್ಲೂ ಸಿಗಲಿಲ್ಲ. ಒಬ್ಬ ಸರ್ಜನ್ ಮೇಡಂ ತಮ್ಮ ಜತೆ ಸೇರಿಕೋ ಎಂದಿದ್ದಾರೆ. ಸೋಮವಾರ ಉತ್ತರ ಕೊಡಬೇಕು.

ಕಾಂತಪ್ಪನವರ ಕೈಯಲ್ಲಿದ್ದ ರೊಟ್ಟಿ ಸಾರಿನಲ್ಲಿ ಮೆತ್ತಗಾಯಿತು. "ಒಂದು ವರ್ಷ ಎಂತದಕ್ಕೆ ಮಗಾ? ವರ್ಷ ಬಿಡುವುದು ಫೇಲಾದವರು ಅಲ್ವಾ?"

"ಇವ ಎಸೆಸೆಲ್ಸಿಗೆ ಎರಡು ಸಲ ಕೂತವ. ಅದೇ ನೆನಪು," ಎಂದರು ಕೊರಪ್ಪೊಳು, ರೊಟ್ಟಿ ಮುರಿಯುವುದನ್ನು ನಿಲ್ಲಿಸದೆ.

ಊಟ ಮುಗಿದರೂ ವಾದ ಮುಗಿಯಲಿಲ್ಲ. ಕಾಂತಪ್ಪನವರು ವಯಸ್ಸಿನ ಮಾತು ತಂದರು, ಮದುವೆಯ ಮಾತು ತಂದು ಅರುಂಧತಿಯವರ ಕಣ್ಣು ನೋಡಿ ವಾಪಸು ಪಡೆದರು. ಕೊನೆಗೆ, ಹೇಳಬಾರದೆಂದು ಇಷ್ಟು ದಿನ ತಡೆದಿಟ್ಟುಕೊಂಡದ್ದು ಬಾಯಿಂದ ಜಾರಿತು. "ಏಪ್ರಿಲಿಗೆ ಆಟ ಉಂಟಲ್ಲ. ಚೌಕಿಯಲ್ಲಿ ನಿಂತು ನಾನು ದೇವಿಗೆ ಎಂತ ಹೇಳ್ಲಿ?" ಚೌಕಿ ಎಂದರೆ ಕಲಾವಿದರು ಬಣ್ಣ ಹಚ್ಚುವ ಜಾಗ. ಆಟಕ್ಕೆ ಮೊದಲು ಅಲ್ಲಿ ಪೂಜೆಯಾಗಿ, ಆಡಿಸುವ ಮನೆಯವರಿಗೆ ಪ್ರಸಾದ ಕೊಡುತ್ತಾರೆ.

ತೃಷಾ ತಲೆಯೆತ್ತಿದಳು. "ಆ ಆಟ ಅಜ್ಜಿಯ ಮೊಣಕಾಲು ನೋವಿಗೆ ಅಂತ ಹೇಳಿದ್ರಲ್ವಾ?"

"ನನ್ನ ಮೊಣಕಾಲಿಗೆ ಆಟ ಆಡಿಸುವ ಮಗ ಇದ್ದಿದ್ರೆ ಅದು ನೋಯ್ತಾ ಇರ್ಲಿಲ್ಲ," ಎಂದರು ಕೊರಪ್ಪೊಳು.

ಹರಕೆ, ಸಾಲು, ತಿದ್ದುಪಡಿ ಎಲ್ಲ ಹೊರಬಂತು. ಕೇಳಿಸಿಕೊಂಡ ತೃಷಾ ನಗಲಿಲ್ಲ, ರೇಗಲಿಲ್ಲ. ಮುಂಬೈ ಅತ್ತೆಯೂ ಬರುತ್ತಾರಾ ಎಂದಷ್ಟೇ ಕೇಳಿದಳು. ಆಮೇಲೆ, "ಓಕೆ ಪಪ್ಪ. ಈ ವರ್ಷವೇ ಅಪ್ಲೈ ಮಾಡ್ತೇನೆ," ಎಂದು ತಟ್ಟೆ ಎತ್ತಿಕೊಂಡು ಎದ್ದಳು.

ಗೆದ್ದ ಕಾಂತಪ್ಪನವರು ಸೋಫಾದಲ್ಲಿ ಕೂತು ಟಿವಿ ಹಾಕಿದರು. ಯಾವ ಚಾನೆಲ್ಲಿನಲ್ಲೂ ನಿಲ್ಲದೆ ಮತ್ತೆ ಆರಿಸಿದರು. ಮಜ್ಜಿಗೆಗೆಂದು ಅಡಿಗೆಮನೆಗೆ ಹೋದರೆ ತೃಷಾ ಓವನಿನ ಮುಂದೆ ನೆಲದ ಮೇಲೆ ಕೂತಿದ್ದಳು. ಅದರ ಹಿಡಿಕೆಯ ಒಂದು ತುದಿಗೆ ಕಪ್ಪು ದಾರದ ಒಂದು ಗೊಂಚಲು. ಹೊಲಿಗೆಯ ಗಂಟು ಹಾಕಿ ಅಭ್ಯಾಸ ಮಾಡಲು, ಮನೆಗೆ ಬಂದಾಗಲೆಲ್ಲ ಅವಳು ಕಟ್ಟುತ್ತಿದ್ದದ್ದು. ಒಂದು ಕೈಯಲ್ಲಿ ಹಾಕುವ ಗಂಟು, ಎರಡು ಕೈಯಲ್ಲಿ ಹಾಕುವ ಗಂಟು, ಎಡಗೈಯದೇ ಬೇರೆ. ಓವನ್ ತೆರೆಯುವಾಗ ಕೈಗೆ ಸಿಕ್ಕುತ್ತದೆ ಎಂದು ಅರುಂಧತಿಯವರು ಗೊಣಗಿದ್ದರು, ಆದರೆ ಬಿಚ್ಚಿರಲಿಲ್ಲ. ಈಗ ತೃಷಾ ಅವನ್ನು ಕತ್ತರಿಯಿಂದ ಒಂದೊಂದೇ ಕತ್ತರಿಸಿ ಅಂಗೈಯಲ್ಲಿ ಸೇರಿಸುತ್ತಿದ್ದಳು.

ಕಾಂತಪ್ಪನವರು ಕಷ್ಟಪಟ್ಟು ಅವಳ ಪಕ್ಕದಲ್ಲಿ ನೆಲಕ್ಕೆ ಕೂತರು. ಐವತ್ತೈದರ ಸೊಂಟ ಎರಡು ಕಡೆ ಸದ್ದು ಮಾಡಿತು.

"ನಿಂಗೆ ಆ ರಿಸರ್ಚ್ ಬೇಕಾ, ಹೆದರಿಕೆಗೆ ಮಾಡುವುದಾ?" ಊಟಕ್ಕೆ ಕೂತಾಗಿನಿಂದ ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ. ಎಲ್ಲವನ್ನೂ ಬೇಗ ಮಾಡುವ ಮನುಷ್ಯ ಇದನ್ನು ಮಾತ್ರ ತಡವಾಗಿ ಕೇಳಿದ್ದರು.

ತೃಷಾ ಕತ್ತರಿ ಕೆಳಗಿಟ್ಟಳು. "ಎರಡೂ ಪಪ್ಪ. ಐ ಆಮ್ ಸ್ಕೇರ್ಡ್. ಆಪರೇಷನ್ ಥಿಯೇಟರಲ್ಲಿ ನಿಂತಾಗ ಕಾಲು ನೋಯುವುದು ಗೊತ್ತೇ ಆಗಲ್ಲ. ಬೇರೆ ಎಂತದೂ ಬೇಡ ನಂಗೆ. ಇದೊಂದು ಸಿಗದಿದ್ರೆ... ಮೇಡಂ ಮಾಡ್ತಿರೋದು, ಆಪರೇಷನ್ ಆದ ಮೇಲೆ ಮುದುಕರು ಮನೆಗೆ ಹೋಗಿ ಹೇಗೆ ನಡೀತಾರೆ ಅನ್ನೋದರ ಬಗ್ಗೆ. ಐ ಲೈಕ್ ಇಟ್. ಅಜ್ಜಿ ನೆನಪಾಗ್ತಾರೆ." ಕಣ್ಣೊರೆಸಿಕೊಂಡು, "ಬಟ್ ಎಲ್ಲರಿಗೂ ಹೇಳಿಯಾಗಿದೆಯಲ್ಲ," ಎಂದಳು.

ಕಾಂತಪ್ಪನವರು ಓವನ್ ಹಿಡಿಕೆಯನ್ನೇ ಹಿಡಿದು ಎದ್ದರು. ಹಾಲು ತರುತ್ತೇನೆಂದು ಕಾರು ತೆಗೆದರು. ಫ್ರಿಜ್ಜಿನಲ್ಲಿ ಎರಡು ಚೀಲ ಹಾಲಿತ್ತು. ಅರುಂಧತಿಯವರು ಅದನ್ನು ಹೇಳಲು ಹೋಗಲಿಲ್ಲ.

ಪ್ಲಾಜಾದ ಪಾರ್ಕಿಂಗಿನಲ್ಲಿ ನಿಲ್ಲಿಸಿ ಕಿನ್ನಿಗೋಳಿಗೆ ಫೋನು. ಅಲ್ಲಿ ಭಾನುವಾರ ಬೆಳಕು ಹರಿಯುತ್ತಿತ್ತು. ಏಪ್ರಿಲಿನ ದಿನವನ್ನು ಬಿಟ್ಟುಕೊಡು ಎಂದಾಗ ರಘುನಾಥರು ಒಂದು ಗಳಿಗೆ ಉಸಿರೇ ಬಿಡಲಿಲ್ಲ. ಆಮೇಲೆ ಬಿಟ್ಟರು, ಬೈಗುಳದೊಂದಿಗೆ. ಈ ದಿನ ಬಿಟ್ಟರೆ ಸಾಲಿನ ತುದಿಗೇ ಹೋಗಬೇಕು. ಮುಂದಿನ ಸರದಿ ಬರುವಷ್ಟರಲ್ಲಿ ನಮ್ಮಿಬ್ಬರನ್ನು ಎತ್ತಿ ತಂದು ಕೂರಿಸಬೇಕಾದೀತು. ಅಷ್ಟಕ್ಕೂ ಬೇರೆ ಏನಾದರೂ ಕಾರಣ ಹೇಳಿ ಅವತ್ತೇ ಆಡಿಸಿದರೆ ದೇವಿ ಬೇಡ ಎನ್ನುತ್ತಾಳಾ ಎಂದು ಕೇಳಿದರು.

"ದೇವಿ ಎಂತದೂ ಹೇಳುವುದಿಲ್ಲ ಭಾವ," ಎಂದರು ಕಾಂತಪ್ಪನವರು. "ಆ ದಿನ ಇದ್ದಷ್ಟು ದಿವಸ ಅದು ಮಗಳ ತಲೆಮೇಲೆ ಕೂತಿರ್ತದೆ."

ರಘುನಾಥರು ತಣ್ಣಗಾದರು. ಹೊಸದಾಗಿ ಹೆಸರು ಬರೆಸುವಾಗ ಏನೆಂದು ಬರೆಸಲಿ, ಸರ್ಜನ್ ಆಗಲಿ ಎಂದೇ ಇರಲಾ ಎಂದು ಕೇಳಿದರು.

"ಆಗಲಿ ಗೀಗಲಿ ಎಂತದೂ ಬೇಡ. ಬರೇ ಅವಳ ಹೆಸರು ಬರೆಸು."

ಮನೆಗೆ ಬಂದು, ಊರಿನಲ್ಲಿ ಏನೋ ತೊಂದರೆಯಾಗಿ ಏಪ್ರಿಲಿನ ದಿನ ತಪ್ಪಿಹೋಯಿತು, ರಘುನಾಥ ಭಾವನೇ ಫೋನ್ ಮಾಡಿದ್ದ ಎಂದು ಸಾರಿದರು. ಸುಳ್ಳನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡೇ ಬಂದಿದ್ದರು. ಹಾಲು ತರುವುದು ಮಾತ್ರ ಮರೆತಿತ್ತು. ತೃಷಾ ಅವರ ಖಾಲಿ ಕೈ ನೋಡಿದಳು, ಮುಖ ನೋಡಿದಳು, ಹತ್ತಿರ ಬಂದು ಅವರ ಭುಜಕ್ಕೆ ಹಣೆ ಒತ್ತಿ ನಿಂತಳು. ಕಾಂತಪ್ಪನವರು ಕೈ ಎಲ್ಲಿಡಬೇಕೆಂದು ತಿಳಿಯದೆ ಅವಳ ಜಡೆ ಹಿಡಿದುಕೊಂಡರು.

"ಮುಂದಿನ ಸರದಿ ಯಾವಾಗ?" ಕೊರಪ್ಪೊಳು ವಿಚಾರಿಸಿದರು. ಸುಮಾರು ವರ್ಷ ಆಗುತ್ತದೆ ಎಂದಾಗ, "ಹಾಗಾದ್ರೆ ಅಲ್ಲಿವರೆಗೆ ಇಲ್ಲೇ ಇರ್ಲಿಕ್ಕೆ ನನ್ನ ವೀಸಾ ಈಗಲೇ ಮುಂದಕ್ಕೆ ಹಾಕಿಸು. ನಿಂಗೆ ಮುಂಚೆ ಮಾಡಿ ಅಭ್ಯಾಸ ಉಂಟಲ್ಲ," ಎಂದರು.

ತೃಷಾ ಸೋಮವಾರದವರೆಗೆ ಕಾಯಲಿಲ್ಲ. ಭಾನುವಾರ ಬೆಳಿಗ್ಗೆಯೇ ಮೇಡಮ್‌ಗೆ ಬರುತ್ತೇನೆಂದು ಬರೆದುಬಿಟ್ಟಳು. ಅಪ್ಪನ ಕಾಯಿಲೆ ಅಷ್ಟಾದರೂ ಅಂಟಿರಬೇಕು. ಮಧ್ಯಾಹ್ನ ಕೊರಪ್ಪೊಳು ರೊಟ್ಟಿ ಬೆಚ್ಚಗೆ ಮಾಡಲು ಹೋದರೆ ಓವನಿನ ಹಿಡಿಕೆಯ ತುಂಬ, ಈ ತುದಿಯಿಂದ ಆ ತುದಿಗೆ, ಹೊಸ ಕಪ್ಪು ದಾರ. ಕೈ ಹಾಕಲು ಜಾಗವಿರಲಿಲ್ಲ. ಮುದುಕಿ ಸ್ವಲ್ಪ ಹೊತ್ತು ಗಂಟುಗಳನ್ನು ನೋಡಿ, ಒಲೆಯ ಮೇಲೆ ಕಾವಲಿ ಇಟ್ಟು, ರೊಟ್ಟಿಯನ್ನು ಅದರಲ್ಲೇ ಬೆಚ್ಚಗೆ ಮಾಡಿದರು.