ಜೀಪು ನಿಂತಲ್ಲಿ ಎಳೆದ ಗೆರೆ

ನಾನು ಚಿಕ್ಕವನಿದ್ದಾಗ ನಮ್ಮ ಊರಿಗೆ ಬುದ್ಧಿ ಹೇಳಲು ಬಂದವರೆಲ್ಲರೂ ಜೀಪಿನಲ್ಲಿಯೇ ಬಂದರು; ನಡೆದು ಬಂದವರು ಒಬ್ಬರೂ ಇಲ್ಲ. ಶಿವಮೊಗ್ಗ ಜಿಲ್ಲೆಯೆಂದರೆ ಬರೀ ಮಳೆ, ಬರೀ ಹಸಿರು ಎಂದು, ಮೊಮ್ಮಕ್ಕಳೇ, ನಿಮ್ಮ ಪಾಠದ ಪುಸ್ತಕದಲ್ಲಿ ಬರೆದವರೂ ಭದ್ರಾವತಿಯಿಂದ ಮೂಡಲಿಗೆ ಎರಡು ಹರದಾರಿ ನಡೆದು ನೋಡಿದವರಲ್ಲ. ಅಲ್ಲಿ ಮೋಡಗಳು ನಮ್ಮ ತಲೆಯ ಮೇಲೆ ಹಾದು ಬೇರೆ ಯಾರದೋ ಊರಿಗೆ ಹೋಗುತ್ತಿದ್ದವು. ಕಾಲುವೆ ಇದ್ದದ್ದು ಇಳಿಜಾರಿನ ಕೆಳಗೆ, ಅರ್ಧ ಗಂಟೆಯ ದಾರಿ.

ಊರ ಬಾವಿ ಸಂಕ್ರಾಂತಿಗೆಲ್ಲ ಬತ್ತುತ್ತಿತ್ತು. ಒಂದು ವರ್ಷ ಅಕ್ಕನನ್ನು ಆರನೆಯ ತರಗತಿಯಿಂದ ಬಿಡಿಸಿ ತಲೆಗೆ ಸಿಂಬಿ, ಕೈಗೆ ಬಿಂದಿಗೆ ಕೊಟ್ಟರು. ಬಾವಿ ತುಂಬಿದರೆ ಮರಳಿ ಶಾಲೆಗೆ ಕಳಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು. ಬಾವಿ ತುಂಬಬೇಕಾದರೆ ಗುಡ್ಡದ ನೀರು ನಿಲ್ಲಬೇಕು. ನೀರು ನಿಲ್ಲಬೇಕಾದರೆ ಹಳ್ಳಕ್ಕೆ ಅಡ್ಡಲಾಗಿ ಕಲ್ಲಿನ ಒಡ್ಡು ಬೇಕು.

ಆ ಒಡ್ಡಿಗಾಗಿ ನಾವು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಸೋಮವಾರ ಬಸವನ ದಿನ, ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ತಾಗಿಸುವುದಿಲ್ಲ. ಎತ್ತು ನಿಂತರೆ ಹೊಲದ ಕೆಲಸವೂ ನಿಲ್ಲುತ್ತದೆ. ಆದ್ದರಿಂದ ಸೋಮವಾರವೇ ಊರ ಕೆಲಸದ ದಿನ, ಮನೆಗೊಂದು ಆಳು. ಗಾಡಿ ಕಟ್ಟುವಂತಿಲ್ಲದ ಕಾರಣ ಕಲ್ಲೆಲ್ಲ ತಲೆಯ ಮೇಲೆಯೇ. ಹೀಗೆ ಆರು ಸೋಮವಾರ ಹೊತ್ತು ಗುಡ್ಡದ ಹಿಂದಿನ ಕಿರುಹಳ್ಳದಲ್ಲಿ ಅಡ್ಡಲಾಗಿ ಕಲ್ಲು ಪೇರಿಸಿದ್ದೆವು. ಜಾಗ ತೋರಿಸಿದವಳು ಅಕ್ಕ. ದಿನಕ್ಕೆ ಮೂರು ಸಲ ಬಿಂದಿಗೆ ಹೊತ್ತು ಕಾಲುವೆಗೆ ಆ ಹಳ್ಳದ ದಾರಿಯಲ್ಲೇ ನಡೆಯುವವಳಿಗೆ ಹಿಂದಿನ ಮಳೆಗಾಲದ ನೀರು ಎಲ್ಲಿ ಹರಿದು ಎಲ್ಲಿ ಮಣ್ಣು ಕೊರೆದಿತ್ತೆಂದು ಅಂಗಾಲಿಗೇ ಗೊತ್ತಿತ್ತು.

ಏಳನೆಯ ಸೋಮವಾರ ಬರದ ಊರುಗಳನ್ನು ನೋಡಲೆಂದು ಶಿವಮೊಗ್ಗದಿಂದ ನೀರಾವರಿ ಇಲಾಖೆಯ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಬಿಳಿಯ ಪ್ಯಾಂಟು, ಕಪ್ಪು ಕನ್ನಡಕ, ಮೈಯಿಂದ ಪೌಡರಿನ ವಾಸನೆ. ಮರದಡಿ ಮೆಲುಕು ಹಾಕುತ್ತಿದ್ದ ಎತ್ತುಗಳನ್ನು ನೋಡಿ ಜೊತೆಗೆ ಬಂದಿದ್ದ ಗುಮಾಸ್ತನಿಗೆ ಹೇಳಿದರು: “ಎತ್ತೂ ಮಲಗಿವೆ, ಊರೂ ಮಲಗಿದೆ. ಇಂಥೋರಿಗೆ ಮಳೆ ಯಾಕ್ರೀ ಬರ್ಬೇಕು?” ಎದುರಿಗೆ ನಿಂತಿದ್ದ ಅಪ್ಪನ ತಲೆಗೂದಲು ಕಲ್ಲಿನ ಧೂಳಿನಿಂದ ಬೆಳ್ಳಗಾಗಿತ್ತು. ಕಪ್ಪು ಕನ್ನಡಕಕ್ಕೆ ಅದು ಕಾಣಲಿಲ್ಲ.

ಜೀಪು ನಿಂತ ರಸ್ತೆಯ ಪಕ್ಕದಲ್ಲೇ ಅಗಲವಾದ ಮರಳು ಹಳ್ಳವೊಂದಿತ್ತು. ಗುಡ್ಡದ ಹಿಂದೆ ಒಡ್ಡು ಕಟ್ಟುತ್ತಿದ್ದೇವೆಂದು ಪಟೇಲರು ಹೇಳಿದ್ದೇ ತಡ, ಸಾಹೇಬರು ಇಪ್ಪತ್ತು ಹೆಜ್ಜೆಯೂ ನಡೆಯದೆ, ಅಲ್ಲಿಯೇ ಬೂಟಿನ ತುದಿಯಿಂದ ಗೆರೆ ಎಳೆದು, ಒಡ್ಡು ಇಲ್ಲಿ, ಕಲ್ಲನ್ನೆಲ್ಲ ಇಲ್ಲಿಗೆ ತನ್ನಿ ಎಂದರು. ಆಗ ಅಕ್ಕ ಬಿಂದಿಗೆ ಇಳಿಸಿ ಮುಂದೆ ಬಂದಳು.

“ಈ ಹಳ್ಳ ನೋಡೋಕಷ್ಟೇ ಅಗಲ, ಸಾರ್. ನೀರು ಇದ್ರಲ್ಲಿ ಬರಲ್ಲ. ಗುಡ್ಡದ ಹಿಂದಕ್ಕೆ ತಿರುಗುತ್ತೆ.”

“ಬಿಂದಿಗೆ ಹೊರೋಳು ನಂಗೆ ನೀರಿನ ಪಾಠ ಹೇಳ್ತಾಳೆ ನೋಡ್ರಿ,” ಎಂದು ಸಾಹೇಬರು ನಕ್ಕರು. ಯಾರು ಯಾರು ನಕ್ಕರೆಂಬುದು ಇಂದಿಗೂ ನನಗೆ ಕ್ರಮವಾಗಿ ನೆನಪಿದೆ. ಮೊದಲು ಸಾಹೇಬರು, ಆಮೇಲೆ ಗುಮಾಸ್ತ, ಗುಮಾಸ್ತನ ಮುಖ ನೋಡಿ ನಮ್ಮ ಪಟೇಲರು, ಪಟೇಲರ ಮುಖ ನೋಡಿ ಅಪ್ಪ. ಕೊನೆಗೆ ನಾನು. ಅಕ್ಕ ನನ್ನ ಕಡೆ ಮಾತ್ರ ತಿರುಗಿ ನೋಡಿದಳು.

ಸಾಹೇಬರು ಊಟಕ್ಕೆಂದು ಭದ್ರಾವತಿಗೆ ಹೊರಟುಹೋದರು. ಅವರ ಮೂರ್ಖತನ ಅವರದು. ನಮ್ಮದು ಅದಕ್ಕಿಂತ ದೊಡ್ಡದು. ಆರು ಸೋಮವಾರ ಪೇರಿಸಿದ್ದ ಕಲ್ಲುಗಳನ್ನು ಹೆಂಗಸರು ಮಕ್ಕಳೆನ್ನದೆ ಊರೆಲ್ಲ ಸೇರಿ ಕಿತ್ತು, ಮತ್ತೆ ತಲೆಯ ಮೇಲೆ ಹೊತ್ತು, ಬೂಟಿನ ಗೆರೆಯ ಮೇಲೆ ತಂದಿಟ್ಟೆವು. ಸಂಜೆಯಾಗುವುದರೊಳಗೆ ಕಿರುಹಳ್ಳ ಬರಿದಾಗಿತ್ತು.

ಅಷ್ಟರಲ್ಲಿ ಆ ವರ್ಷದ ಮೊದಲ ಮಳೆ ಬಂತು. ಕಾದ ಮಣ್ಣಿನ ವಾಸನೆ ಮೂಗು ತುಂಬಿತು. ಗುಡ್ಡದ ಹಿಂದೆ ಕೆಂಪು ನೀರು ಮೊರೆಯುತ್ತ ಬಂದು, ನಾವು ಖಾಲಿ ಮಾಡಿದ ಜಾಗದಲ್ಲೇ ನುಗ್ಗಿ, ಒಂದು ಚೊಂಬಿನಷ್ಟೂ ನಿಲ್ಲದೆ ಕಾಲುವೆಗೆ ಇಳಿದುಹೋಯಿತು. ರಸ್ತೆ ಬದಿಯ ಹಳ್ಳದಲ್ಲಿ ಮರಳು ನೆನೆಯಿತು, ನಮ್ಮ ಕಲ್ಲುಗಳು ಸ್ನಾನ ಮಾಡಿದವು, ಅಷ್ಟೇ. ಅಕ್ಕ ತೊಯ್ಯುತ್ತ ದಡದಲ್ಲಿ ನಿಂತಿದ್ದಳು. ಹರಿದುಹೋಗುತ್ತಿದ್ದುದು ತನ್ನ ಶಾಲೆ ಎಂದು ಅವಳಿಗೆ ಗೊತ್ತಿತ್ತು.

ಗೋಣಿಚೀಲದ ಕೊಪ್ಪೆ ಹೊದ್ದು ಬಂದ ಪಕ್ಕದ ಮನೆಯ ಅಜ್ಜಿ ಅಪ್ಪನನ್ನು ಕೇಳಿದಳು: “ಸಾಹೇಬ್ರು ಎಳೆದ ಗೆರೆ ಮಳೆಗೆ ಕಾಣ್ಲಿಲ್ವೇನೋ, ಮಾರಾಯ?”

ಅಪ್ಪ ಅಕ್ಕನ ಬಳಿಗೆ ಹೋಗಿ, “ನೀನೇ ಗೆರೆ ಎಳಿ, ಮಗಳೇ. ನಾನು ಹೊರ್ತೀನಿ,” ಎಂದರು.

“ಇನ್ನು ಏಳು ಸೋಮವಾರ ಕಾಯ್ಬೇಕಾ?”

“ನಾಳೆ ಮಂಗಳವಾರ. ಎತ್ತು ಕಟ್ತೀವಿ.”

ಮೊದಲ ಮಳೆಯ ಮರುದಿನವೆಂದರೆ ಹೊಲ ಹೂಡುವ ದಿನ. ಆ ಹದ ತಪ್ಪಿದರೆ ಬೆಳೆ ತಪ್ಪುತ್ತದೆ. ಆದರೂ ಮಂಗಳವಾರ ಬೆಳಿಗ್ಗೆ ಊರಿನ ಗಾಡಿಗಳೆಲ್ಲ ಕಲ್ಲು ಹೇರಲು ಬಂದವು. ಎರಡನೆಯ ಮಳೆಗೆ ಒಡ್ಡು ನಿಂತಿತ್ತು, ಮಳೆಗಾಲ ಮುಗಿಯುವಷ್ಟರಲ್ಲಿ ಬಾವಿ ತುಂಬಿತ್ತು. ದಸರೆಯ ರಜೆ ಮುಗಿದ ದಿನ ಅಕ್ಕ ಶಾಲೆಗೆ ಹೋದಳು, ತನಗಿಂತ ಗಿಡ್ಡ ಹುಡುಗಿಯರ ಸಾಲಿನಲ್ಲಿ ತಲೆಯೆತ್ತಿ ಕುಳಿತಳು. ಮರುವರ್ಷ ಸಾಹೇಬರು ಬಂದು ನಮ್ಮ ಒಡ್ಡಿನ ಮುಂದೆ ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡರು.

ಈಗ ನಿಮ್ಮ ವಿಷಯಕ್ಕೆ ಬರೋಣ. ವಿದ್ಯಾನಗರದ ನಿಮ್ಮ ಮನೆಯ ಸಂಪು ತಿಂಗಳಿಂದ ಸೋರುತ್ತಿದೆ. ಇಬ್ಬರು ಇಂಜಿನಿಯರುಗಳು ಬಂದು ಮೊಬೈಲಿನಲ್ಲಿ ಚಿತ್ರ ಬಿಡಿಸಿ ಹೋದರು. ಪಾತ್ರೆ ತೊಳೆಯಲು ಬರುವಾಕೆ, ಮಳೆಯಿಲ್ಲದಿದ್ದರೂ ಗೇಟಿನ ಬಳಿ ಮಣ್ಣು ತೇವವಾಗಿರುತ್ತದೆಂದು ಭಾನುವಾರ ಹೇಳಿದಳು. ನಿಮ್ಮ ಅಪ್ಪ ಮುಗುಳ್ನಕ್ಕ. ಅವನ ಮುಖ ನೋಡಿ ನೀವಿಬ್ಬರೂ ನಕ್ಕಿರಿ. ನಾನು ಮೂಲೆಯಲ್ಲಿ ಕುಳಿತು ನೋಡುತ್ತಿದ್ದೆ.

ನಾಳೆ ಬೆಳಿಗ್ಗೆ ಆಕೆ ಬರುತ್ತಾಳೆ. ಎಲ್ಲಿ ಅಗೆಯಬೇಕೆಂದು ನೀವೇ ಹೋಗಿ ಆಕೆಯನ್ನು ಕೇಳಿ. ಗುದ್ದಲಿ ತೆಗೆದಿಟ್ಟಿದ್ದೇನೆ.