ಪಿಸುಮಾತು ಕೇಳದಾದಾಗ

ನಮ್ಮ ಮನೆಯವರು ಜೋರಾಗಿ ಮಾತಾಡುವವರಲ್ಲ. ದಾಳಿಂಬ ಎಂಬ ಊರಿನ ಆ ತುಂಬಿದ ಮನೆಯಲ್ಲಿ ಗಂಡ ಹೆಂಡತಿ ನಾಲ್ಕು ಜನ ಕೇಳುವ ಹಾಗೆ ಮಾತಾಡುವುದು ಮರ್ಯಾದೆಯೂ ಆಗಿರಲಿಲ್ಲ. ಅವರು ಹೊಲದಿಂದ ಬಂದು ಕಾಲು ತೊಳೆಯಲು ಬಾಗಿದಾಗ ನಾನು ತಂಬಿಗೆಯಿಂದ ನೀರು ಹಾಕುತ್ತಿದ್ದೆ. ನಮ್ಮ ಸಂಸಾರದ ಮಾತೆಲ್ಲ ಆಗಲೇ. ಪೊಲೀಸ್ ಆಕ್ಷನ್ನಿಗೆ ಮುಂಚಿನ ರಜಾಕಾರರ ಗಲಾಟೆಯಲ್ಲಿ ಊರು ಬಿಡುವುದೋ ಇರುವುದೋ ಎಂಬುದು ಕೂಡ ಆ ನೀರಿನ ಸದ್ದಿನಲ್ಲೇ ತೀರ್ಮಾನವಾಗಿತ್ತು.

ಅದಾದ ಐದಾರು ವರ್ಷಕ್ಕೆ ನನ್ನ ಕಿವಿ ಮಂದವಾಗತೊಡಗಿತು. ವಯಸ್ಸು ಐವತ್ತರ ಹತ್ತಿರ. ಅತ್ತೆಯ ಗಟ್ಟಿ ದನಿ ಕೇಳುತ್ತಿತ್ತು, ಬೀಸುವ ಕಲ್ಲು ಕೇಳುತ್ತಿತ್ತು. ಹೀಗಿರುವಾಗ ಕಿವಿ ಹೋಗುತ್ತಿದೆ ಎಂದು ಯಾರು ಅಂದುಕೊಂಡಾರು? ಸೊಸೆಯ ಮಾತು ತಿಳಿಯದಿದ್ದರೆ, ಈಗಿನ ಹುಡುಗಿಯರು ಬಾಯೊಳಗೇ ಮಾತಾಡುತ್ತಾರೆ ಎಂದು ಬೈದುಕೊಳ್ಳುತ್ತಿದ್ದೆ. ಗಂಡನನ್ನು ಅಂಗಳದಲ್ಲಿ ಮತ್ತೆ ಮತ್ತೆ ಏನು ಎಂದು ಕೇಳುವುದು ಹೇಗೆ? ಅವರು ಬಾಗಿ ಏನೋ ಅನ್ನುವರು, ನಾನು ಹ್ಞೂಂ ಅನ್ನುವೆ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದೆ. ಸೊಸೆ ಓಡಿ ಬಂದು ಭುಜ ಅಲುಗಿಸಿದಳು.

"ಅತ್ತಿ, ಗುಂಜೋಟಿಲಿಂದ ಗಂಡಿನ ಮಂದಿ ಬಂದಾರ. ನಾದಿನಿಗಿ ನೋಡ್ಲಿಕ್ಕ."

ಕೈ ತುಂಬ ಸಗಣಿ. ನೋಡಬೇಕಾದ ಮಗಳು ಹೊಲದಲ್ಲಿ. ಮಗಳನ್ನು ಹಿತ್ತಲ ಬಾಗಿಲಿಂದ ಕರೆಸಿ, ಸೀರೆ ಉಡಿಸಿ, ಹೇಗೋ ಮರ್ಯಾದೆ ಉಳಿಸಿಕೊಂಡೆವು. ಬಂದವರು ಉಂಡು ಸಂತೋಷದಿಂದಲೇ ಹೋದರು. ಅವರ ಗಾಡಿ ಮರೆಯಾದ ಕೂಡಲೇ ನಾನು ಗಂಡನನ್ನು ಕಾಳಿನ ಕೋಣೆಗೆ ಕರೆದೆ.

"ನನಗ ಒಂದ್ ಮಾತ್ ಹೇಳಬಾರದೇನ್ರಿ?"

"ಹೇಳೀನಲ್ಲ. ನೀ ಹ್ಞೂಂ ಅಂದಿ."

"ನಾ ಯಾವಾಗ ಅಂದೆ?"

ಅವರು ನನ್ನ ಬೆನ್ನ ಹಿಂದೆ ಹೋಗಿ ನಿಂತರು. ಯಾಕೆ ನಿಂತರೋ ತಿಳಿಯದೆ ನಾನೇ ತಿರುಗಿದೆ.

"ಈಗ ನಿನ್ನ ಕರದೆ," ಅಂದರು. "ವರ್ಷಾತು, ನೀ ನನ್ನ ಮ್ಯಾಲ ಸಿಟ್ಟ ಮಾಡ್ಕೊಂಡೀದಿ ಅಂತ ತಿಳಕೊಂಡಿದ್ದೆ."

ನಾನು ಜೋಳದ ಚೀಲದ ಮೇಲೆ ಕುಳಿತುಬಿಟ್ಟೆ. ಆ ವರ್ಷದಲ್ಲಿ ಅವರು ಏನೇನು ಹೇಳಿದ್ದರೋ, ನಾನು ಯಾವುದಕ್ಕೆಲ್ಲ ತಲೆಯಾಡಿಸಿದ್ದೆನೋ.

ಅವರು ನನ್ನನ್ನು ಉದಗೀರಕ್ಕೆ ಕರೆದೊಯ್ದರು. ಅಲ್ಲಿನ ಡಾಕ್ಟರು ಕಿವಿಯೊಳಗೆ ದೀಪ ಹಿಡಿದು ನೋಡಿ, ಗಂಡನೊಡನೆ ಮರಾಠಿಯಲ್ಲಿ ಮಾತಾಡಿದರು. ಕನ್ನಡವಾಗಿದ್ದರೆ ತುಟಿ ನೋಡಿ ಅಷ್ಟಿಷ್ಟು ಊಹಿಸುತ್ತಿದ್ದೆ; ಮರಾಠಿ ಒಂದಕ್ಷರವೂ ದಕ್ಕಲಿಲ್ಲ. ಮರಳಿ ಬರುವಾಗ ದಾರಿಯ ನಿಲಂಗಾದಲ್ಲಿ ಮೋಟಾರು ಬಸ್ಸು ನಿಂತಿತು. ಚಹಾದ ಅಂಗಡಿಯ ಮುಂದೆ ಅವರು ನನ್ನೆದುರು ನಿಂತು ಗಟ್ಟಿಯಾಗಿ ಹೇಳಿದರು:

"ನರ ಸೊರಗ್ಯಾವಂತ. ಔಷಧ ಇಲ್ಲಂತ."

ಕುಳಿತಿದ್ದ ಮಂದಿಯೆಲ್ಲ ತಿರುಗಿ ನೋಡಿದರು. ಕಿವಿ ಹೋಯಿತೆಂಬ ದುಃಖಕ್ಕಿಂತ ಮೊದಲು ನನಗೆ ನಾಚಿಕೆಯಾಯಿತು.

"ಮೆಲ್ಲಕ ಮಾತಾಡ್ರಿ."

"ಮೆಲ್ಲಕ ಅಂದ್ರ ನಿನಗ ಕೇಳಂಗಿಲ್ಲಲ್ಲ."

ನಕ್ಕೆ. ನಗುತ್ತಲೇ ಕಣ್ಣು ತುಂಬಿತು. ಅವರು ನನ್ನ ಕೈಯ ಚಹಾ ತಾವು ಹಿಡಿದುಕೊಂಡು, ನಾನು ಕಣ್ಣೊರೆಸಿಕೊಳ್ಳುವವರೆಗೆ ನಿಂತರು.

ಮನೆಯಲ್ಲಿ ನಾನೇ ಎಲ್ಲರಿಗೂ ಹೇಳಿದೆ: ನನಗೆ ಕೇಳುವುದಿಲ್ಲ, ನನ್ನ ಮುಖ ನೋಡಿ ಮಾತಾಡಿ. ಹೇಳುವ ತನಕ ಗುಡ್ಡದಷ್ಟಿದ್ದ ಮಾತು, ಹೇಳಿದ ಮೇಲೆ ಏನೂ ಅಲ್ಲ ಅನ್ನಿಸಿತು. ಅತ್ತೆ ಮಾತ್ರ, "ನನಗಿಂತ ಮೊದಲ ನಿನಗ ಮುಪ್ಪು ಬಂತೇನ?" ಎಂದು ಮುನಿಸಿಕೊಂಡರು.

ಅಂಗಳದಲ್ಲಿ ಕೂಗಿ ಮಾತಾಡುವುದು ಗಂಡನಿಗೆ ಕೊನೆಗೂ ಆಗಲಿಲ್ಲ. ಅದಕ್ಕೆ ಮಧ್ಯಾಹ್ನದ ಬುತ್ತಿ ನಾನೇ ಒಯ್ಯತೊಡಗಿದೆ. ಹೊಲದ ಬದುವಿನ ಮೇಲೆ ಎದುರುಬದುರು ಕುಳಿತು ಅವರು ದನಿಯೆತ್ತಿ ಹೇಳುವರು. ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ ಕುರುಬಪ್ಪನಿಗೂ ಎಲ್ಲ ಕೇಳುತ್ತಿತ್ತು. ಒಮ್ಮೊಮ್ಮೆ ಅವನೂ ಅಲ್ಲಿಂದಲೇ ಕೈಯೆತ್ತಿ, ದೊಡ್ಡ ದನಿಯಲ್ಲಿ, "ಯವ್ವಾ, ಮಾಲಕರು ಹೇಳೂದು ಖರೇ ಅದ" ಅನ್ನುತ್ತಿದ್ದ. ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲಾಮೇಲೆ ಅವನ ಅಭಿಪ್ರಾಯವನ್ನೂ ಕೇಳತೊಡಗಿದೆ.

ಆ ಬೇಸಿಗೆಯಲ್ಲಿ ಮಗಳ ಮದುವೆ ಗುಂಜೋಟಿಯ ಆ ಗಂಡಿನೊಡನೆಯೇ ಆಯಿತು. ಗಾಡಿ ಹತ್ತುವ ಮುಂಚೆ ಅವಳು ನನ್ನನ್ನು ತಬ್ಬಿಕೊಂಡು ಕಿವಿಯಲ್ಲಿ ಏನೋ ಹೇಳಿದಳು. ಬಿಸಿಯುಸಿರು ತಾಗಿತು, ಮಾತು ಕೇಳಲಿಲ್ಲ. ಎರಡೂ ಕೈಯಿಂದ ಅವಳ ಮುಖ ಹಿಡಿದು ಎದುರಿಗೆ ತಂದುಕೊಂಡೆ.

"ಮತ್ತೊಮ್ಮೆ ಹೇಳು."

ಅವಳು ಬೀಗರ ಕಡೆ ನೋಡಿದಳು. ಆಮೇಲೆ ಅಷ್ಟೂ ಜನ ಕೇಳುವ ಹಾಗೆ ಹೇಳಿದಳು: "ಅಪ್ಪಗ ಒಣಗಿದ ಕಟಕ ರೊಟ್ಟಿ ಕೊಡಬ್ಯಾಡ. ಹಲ್ಲು ನೋಯ್ತಾವಂತ. ನಿನಗ ಹೇಳ್ಲಿಕ್ಕ ಸಂಕೋಚ ಅವಂಗ."