ಭಾವನ ಪಿಸ್ತೂಲಿನ ಕಾಯಿಲೆ

ನನ್ನ ಭಾವನಿಗೆ ಒಂದು ಪಿಸ್ತೂಲಿದೆ. ಲೈಸೆನ್ಸ್ ಇರುವ, ಎಲ್ಲ ಕಾಗದಪತ್ರವೂ ಸರಿಯಾಗಿರುವ ಪಿಸ್ತೂಲು. ಗುಂಡ್ಲುಪೇಟೆಯಲ್ಲಿ ಅರಿಸಿನದ ವ್ಯಾಪಾರ ಮಾಡುವವನಿಗೆ ಪಿಸ್ತೂಲು ಯಾಕೆ ಎಂದು ಯಾರಾದರೂ ಕೇಳಿದರೆ 'ಜೀವಭಯ' ಎನ್ನುತ್ತಾನೆ. ಅವನಿಗೆ ಯಾರಿಂದ ಜೀವಭಯ ಎಂಬುದು ಇಷ್ಟು ವರ್ಷವಾದರೂ ಪತ್ತೆಯಾಗಿಲ್ಲ. ಅವನಿಂದ ಜೀವಭಯ ಇದ್ದದ್ದು ಮಾತ್ರ ನನ್ನ ಅಕ್ಕನಿಗೆ.

ಎದುರಿಗೆ ನಾನು ಅವನನ್ನು ಬಹುವಚನದಲ್ಲೇ ಮಾತಾಡಿಸುವುದು. ಬರೆಯುವಾಗಲಾದರೂ ಏಕವಚನದ ಸುಖ ನನಗಿರಲಿ.

'ನಾನು ಹೆಂಡತಿ ಮೇಲೆ ಒಂದು ದಿನವೂ ಕೈ ಮಾಡಿದವನಲ್ಲ' ಎಂಬುದು ಭಾವನ ದೊಡ್ಡ ಹೆಗ್ಗಳಿಕೆ. ಮಾಡುವ ಅಗತ್ಯವೇ ಬೀಳಲಿಲ್ಲ. ಸಾರಿನ ಉಪ್ಪಿರಲಿ, ಮಗಳ ಕಾಲೇಜಿರಲಿ, ಅಕ್ಕ ತವರಿಗೆ ಹೋಗಿಬರುವ ಮಾತಿರಲಿ, ವಾದ ಎರಡು ವಾಕ್ಯ ದಾಟಿದರೆ ಸೊಂಟದಿಂದ ಪಿಸ್ತೂಲು ತೆಗೆದು ಅನ್ನದ ತಟ್ಟೆಯ ಪಕ್ಕದಲ್ಲಿ ಇಡುತ್ತಿದ್ದ. ಏನೂ ಹೇಳುತ್ತಿರಲಿಲ್ಲ. ಅಕ್ಕನೂ ಆಮೇಲೆ ಏನೂ ಹೇಳುತ್ತಿರಲಿಲ್ಲ. ಒಂದು ಸಲ ತಮಾಷೆಗೆಂದು ಅದರ ಮೂತಿಯನ್ನು ಅವಳ ಕಡೆಗೇ ತಿರುಗಿಸಿ ನಕ್ಕನಂತೆ. ಅಂದಿನಿಂದ ಎಷ್ಟೋ ದಿನ ಅವಳಿಗೆ ನಿದ್ದೆ ಹತ್ತಲಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಗಲೀಜಾಯಿತು ಎನ್ನುವ ಧ್ವನಿಯಲ್ಲಿ ಇದನ್ನು ನನಗೆ ಫೋನಿನಲ್ಲಿ ಹೇಳಿದ್ದಳು. ದೂರು ಕೊಡು ಎಂದರೆ, "ಮಗಳ್ ಮದುವೆ ಆಗ್ಬೇಕು ಕಣಮ್ಮಿ" ಎಂದು ಇಟ್ಟುಬಿಟ್ಟಳು.

ನಾನು ಪೊಲೀಸ್ ಇಲಾಖೆಯಲ್ಲಿ ಆರ್ಮರರ್ ಆಗಿದ್ದವಳು. ಅಂದರೆ ಬಂದೂಕುಗಳನ್ನು ಬಿಚ್ಚಿ, ಒರೆಸಿ, ಕೆಟ್ಟದ್ದನ್ನು ಸರಿಮಾಡಿ ಮತ್ತೆ ಜೋಡಿಸುವ ಕೆಲಸ. ಈಗ ಸ್ವಯಂನಿವೃತ್ತಿ ಪಡೆದು ಚಾಮರಾಜನಗರದಲ್ಲಿ ನನ್ನ ಪಾಡಿಗೆ ಇದ್ದೇನೆ. ಭಾವ ನನ್ನ ಕೆಲಸವನ್ನು ಕೊನೆಯವರೆಗೂ ನಂಬಲಿಲ್ಲ. ಹಬ್ಬಕ್ಕೆ ಸೇರಿದಾಗಲೆಲ್ಲ ಹತ್ತು ಜನರ ಮುಂದೆ, "ನಿಜ ಯೇಳಮ್ಮಿ, ನಿಂಗೆ ಬಂದೂಕು ಒರ್ಸಕ್ ಕೊಟ್ಟಿದ್ರಾ, ಇಲ್ಲ ಬೀರು ಒರ್ಸಕ್ ಕೊಟ್ಟಿದ್ರಾ?" ಎಂದು ಕೇಳಿ ತಾನೇ ಮೊದಲು ನಗುತ್ತಿದ್ದ.

ಹೀಗಿರುವಾಗ ಅವನ ಪಿಸ್ತೂಲಿಗೆ ಕಾಯಿಲೆ ಬಂತು.

ಗುಂಡ್ಲುಪೇಟೆ ಪಕ್ಕದ ಮದ್ದೂರಿನ ಕಡೆ (ವಡೆಯ ಮದ್ದೂರಲ್ಲ) ಅವನಿಗೊಂದು ಹೊಲವಿದೆ. ಮುಸುಕಿನ ಜೋಳಕ್ಕೆ ಕಾಡುಹಂದಿ ನುಗ್ಗುತ್ತಿದೆ ಎಂಬ ಸುದ್ದಿ ಬಂದಾಗ ಬೇರೆಯವರಾದರೆ ಪಟಾಕಿ ಹಚ್ಚುತ್ತಾರೆ, ಡಬ್ಬ ಬಡಿಯುತ್ತಾರೆ. ನಮ್ಮ ಭಾವ ಸಂಜೆಗೆ ಪ್ರೇಕ್ಷಕರನ್ನು ಕರೆದ. ಆಳುಗಳು, ಇಬ್ಬರು ಸ್ನೇಹಿತರು, ಪಕ್ಕದ ಹೊಲವನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವ ಮಲಯಾಳಿ. ಕಾಡಿನ ಅಂಚು ಕಣ್ಣಳತೆಯಲ್ಲೇ ಇರುವ ಜಾಗ. ಅಲ್ಲಿ ಗುಂಡು ಹಾರಿಸಿದರೆ ಅರಣ್ಯ ಇಲಾಖೆಯವರು ಕರೆದು ಕಾಫಿ ಕೊಡುವುದಿಲ್ಲ ಎಂಬ ಬುದ್ಧಿ ಅಷ್ಟು ಜನರಲ್ಲಿ ಒಬ್ಬರಿಗೂ ಇರಲಿಲ್ಲ. ಭಾವ ಕೈ ಮೇಲೆತ್ತಿ ಒಂದು ಸಲ ಢಂ ಎನ್ನಿಸಿದ. ಎರಡನೆಯದು ಬರಲಿಲ್ಲ. ಕೆಳಗಿನಿಂದ ಎದ್ದು ಬಂದ ಗುಂಡು ನಳಿಗೆಯ ಹಿಂಬದಿಯ ಬಾಯಿಗೆ ಮೂಗು ತಾಗಿಸಿ ಅಡ್ಡಡ್ಡ ನಿಂತಿತ್ತು. ಮೇಲ್ಗಡೆ ಹಿಂದೆ ಮುಂದೆ ಜಾರುವ ಸ್ಲೈಡು ಅರ್ಧಕ್ಕೆ ನಿಂತು ಬಾಯಿ ಬಿಟ್ಟುಕೊಂಡಿತ್ತು. ಒಂದು ಹೆಜ್ಜೆ ಹಿಂದೆ ಸರಿದಿದ್ದ ಹಂದಿ ಸ್ವಲ್ಪ ಹೊತ್ತು ಕಾದು, ಇನ್ನೇನಿಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ತೆನೆ ಮುರಿಯತೊಡಗಿತು.

"ಕೆಮ್ಮು ಕಣ್ರಲಾ ಅದ್ಕೆ. ಸಿರಪ್ಪು ಕುಡ್ಸಿ" ಎಂದು ಯಾವನೋ ಆಳು ಹಿಂದಿನಿಂದ ಹೇಳಿದ. ಭಾವನ ಅಷ್ಟು ವರ್ಷದ ಮರ್ಯಾದೆ ಆ ಒಂದು ಸಿರಪ್ಪಿನಲ್ಲಿ ಕೊಚ್ಚಿಹೋಯಿತು.

ಆಮೇಲೆ ಶುರುವಾಯಿತು ಚಿಕಿತ್ಸೆ. ಶುಂಠಿಯವನು ಗ್ರೀಸ್ ಹಾಕಿ ಎಂದ. ಒಬ್ಬ ಸ್ನೇಹಿತ ಗುಂಡು ಹಳೆಯದು, ಬಿಸಿಲಿಗೆ ಒಣಗಿಸಿ ಎಂದ, ಹಪ್ಪಳದ ಹಾಗೆ. ಇನ್ನೊಬ್ಬ, ಅಷ್ಟು ಜನರ ಕಣ್ಣು ಬಿದ್ದರೆ ಏನು ತಾನೇ ಉಳಿದೀತು ಎಂದು ದೃಷ್ಟಿ ತೆಗೆಸಿದ. ಪಿಸ್ತೂಲಿಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರಂತೆ, ಮನೆಯವರೆಲ್ಲ ಕೆಮ್ಮಿದರಂತೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದ್ದೂ ಆಯಿತು. ಇಷ್ಟೆಲ್ಲ ಆದ ಮೇಲೆ ಭಾವನಿಗೆ ತನಗೊಬ್ಬಳು ನಾದಿನಿ ಇದ್ದಾಳೆ ಎಂಬುದು ನೆನಪಾಯಿತು.

ಒಂದು ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಬಂದರು, ಭಾವ ಮತ್ತು ಅಕ್ಕ. ಪಿಸ್ತೂಲು ಊಟದ ಚೀಲದಲ್ಲಿ ಮೊಸರನ್ನದ ಡಬ್ಬಿಯ ಪಕ್ಕದಲ್ಲಿತ್ತು. ಭಾವ ಅದನ್ನು ತೆಗೆದು, ಮೂತಿ ನನ್ನ ಹೊಟ್ಟೆಗೆ ನೇರವಾಗಿ ಬರುವಂತೆ ಮೇಜಿನ ಮೇಲಿಟ್ಟ.

"ಭಾವ, ಮೊದ್ಲು ಅದನ್ನ ಗೋಡೆ ಕಡೆ ತಿರುಗ್ಸಿ."

"ಖಾಲಿ ಕಣಮ್ಮಿ. ಯಾಕ್ ಇಷ್ಟ್ ಎದರ್ಕತೀಯ? ಪೊಲೀಸಲ್ಲಿದ್ದೆ ಅಂತೀಯ."

ನಾನು ಅದನ್ನೆತ್ತಿ ಗೋಡೆಯ ಕಡೆ ಹಿಡಿದು, ಹಿಡಿಯೊಳಗಿನ ಮ್ಯಾಗಜೀನನ್ನು, ಅಂದರೆ ಗುಂಡು ತುಂಬುವ ಡಬ್ಬಿಯನ್ನು, ಹೊರಗೆಳೆದು, ಸ್ಲೈಡು ಹಿಂದಕ್ಕೆ ಎಳೆದೆ. ನಳಿಗೆಯಿಂದ ಒಂದು ಜೀವಂತ ಗುಂಡು ಹಾರಿ ನೆಲಕ್ಕೆ ಬಿದ್ದು ಫ್ರಿಜ್ಜಿನ ಅಡಿಗೆ ಉರುಳಿತು. ಭಾವ ಅದು ಉರುಳಿಹೋದ ದಾರಿಯನ್ನೇ ನೋಡುತ್ತ ನಿಂತ. ಗುಂಡ್ಲುಪೇಟೆಯಿಂದ ನನ್ನ ಮನೆಯವರೆಗೂ ಆ ಚೀಲ ಅಕ್ಕನ ತೊಡೆಯ ಮೇಲಿತ್ತು. ನನಗೆ ಬಂದ ಸಿಟ್ಟಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು.

ಗುಂಡು ಮೇಲೇರದ ಪಿಸ್ತೂಲಿಗೆ ಇರುವ ಕಾರಣಗಳು ಕೆಲವೇ. ಗುಂಡು ಕೆಟ್ಟಿರಬೇಕು, ಅದು ಏರುವ ದಾರಿ ಕೊಳೆಯಾಗಿರಬೇಕು, ಡಬ್ಬಿ ಸರಿಯಿರಬಾರದು, ಇಲ್ಲವೇ ಹಿಡಿದ ಕೈ ಸರಿಯಿರಬಾರದು. ಒಂದೊಂದನ್ನೇ ನೋಡಬೇಕು, ಎಲ್ಲಕ್ಕೂ ಒಟ್ಟಿಗೆ ಕೈ ಹಾಕಬಾರದು. ಗುಂಡುಗಳು ನೆಟ್ಟಗಿದ್ದವು. ದಾರಿಯಲ್ಲಿ ಒಂದಿಷ್ಟು ಕುಂಕುಮ ಅಂಟಿತ್ತು, ಒರೆಸಿದೆ. ಖಾಲಿ ಪಿಸ್ತೂಲನ್ನು ಕೈಗೆ ಕೊಟ್ಟು, ಹೇಗೆ ಹಿಡಿಯುತ್ತೀರಿ ತೋರಿಸಿ ಎಂದೆ. ಭಾವ ಎದೆ ಮುಂದೆ ಮಾಡಿ, ಮುಖ ಓರೆ ಮಾಡಿ, ಫ್ಲೆಕ್ಸ್ ಬ್ಯಾನರಿನಲ್ಲಿ ನಿಲ್ಲುವ ಹಾಗೆ ನಿಂತ. ಮಣಿಕಟ್ಟು ಮಾತ್ರ ಬಾಡಿದ ಸೊಪ್ಪು.

"ಕೈ ಸಡಿಲ ಬಿಟ್ರೆ ಸ್ಲೈಡು ಪೂರ್ತಿ ಹಿಂದಕ್ಕೆ ಹೋಗಲ್ಲ ಭಾವ. ಮುಂದಿನ ಗುಂಡು ಸಿಕ್ಕಾಕೊಳ್ಳುತ್ತೆ."

"ನನ್ ಕೈಯಾ? ಇದು ಯಂಗಸ್ರು ಕೈ ಅಲ್ಲ ಕಣವ್ವ. ಮಿಷಿನ್ ನೋಡು ನೀನು."

ಮಿಷಿನ್ ನೋಡಿದೆ. ಡಬ್ಬಿಯ ಗುಂಡು ತೆಗೆದು ಒಳಗಿನ ತಟ್ಟೆಯನ್ನು ಬೆರಳಿನಿಂದ ಒತ್ತಿ ಬಿಟ್ಟೆ. ಸ್ಪ್ರಿಂಗು ಅದನ್ನು ಪಟ್ಟನೆ ಮೇಲಕ್ಕೆ ತಳ್ಳಬೇಕು. ಇದು ಅರ್ಧ ದಾರಿ ಬಂದು ವಿಶ್ರಾಂತಿಗೆ ಕೂತಿತು. ಡಬ್ಬಿಯ ತಳದ ಮುಚ್ಚಳ ಜಾರಿಸಿ ನೋಡಿದರೆ ಸ್ಪ್ರಿಂಗಿನ ಸುತ್ತುಗಳ ನಡುವೆ ಹಳದಿ ಬಣ್ಣದ ಗಟ್ಟಿ ಹೆಪ್ಪು.

"ಅದು ಆಯುಧಪೂಜೆದು" ಎಂದ ಭಾವ, ಹೆಮ್ಮೆಯಿಂದ. "ವರ್ಷಾ ವರ್ಷಾ ಅರಿಸಿನ, ಕುಂಕುಮ, ಗಂಧ, ಎಲ್ಲಾ ನಾನೇ ಕೈಯಾರ ಅಚ್ಚದು."

ಆ ದಿನ ನಮ್ಮ ಕಡೆ ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಬೈಕು, ಟ್ರಾಕ್ಟರು, ಕುಡುಗೋಲು, ಕಂಪ್ಯೂಟರಿನ ಮೌಸು ಎಲ್ಲಕ್ಕೂ ಬೊಟ್ಟು. ನಾನೂ ಇಲಾಖೆಯಲ್ಲಿ ಪೂಜೆ ಮಾಡಿದವಳೇ, ಆದರೆ ನಾವು ಹಿಡಿಯ ಮರಕ್ಕೆ ಒಂದು ಬೊಟ್ಟಿಟ್ಟು ಕೈ ಮುಗಿಯುತ್ತಿದ್ದೆವು. ಭಾವ ಮದುಮಗಳಿಗೆ ಅರಿಸಿನ ಹಚ್ಚುವ ಹಾಗೆ ಮೈತುಂಬ ಹಚ್ಚಿದ್ದಾನೆ. ಇದನ್ನು ಹೇಳುವಷ್ಟರಲ್ಲಿ ಅವನಿಗೆ ಫೋನ್ ಬಂತು. ಜೋರಾಗಿ ಮಾತಾಡುತ್ತ ಗೇಟಿನ ಹತ್ತಿರ ಹೋದ.

ನಾನು ಸೂಜಿಯಿಂದ ಕೆರೆಯತೊಡಗಿದೆ. ಮೇಲಿನ ಪದರ ಪೂಜೆಯದೇ. ಕೆಳಗಿನದು ಬೇರೆ. ಅಕ್ಕಿಹಿಟ್ಟಿನ ಗಂಜಿಗೆ ಅರಿಸಿನ ಕಲಸಿ, ತಳದ ಮುಚ್ಚಳ ತೆಗೆದೇ ಬೆರಳಿನಿಂದ ಒತ್ತಿ ಒತ್ತಿ ತುಂಬಿದ್ದು. ಬೆರಳಿನ ಗೆರೆ ಕೂಡ ಒಣಗಿ ಹಾಗೆಯೇ ಉಳಿದಿತ್ತು, ಸಣ್ಣ ಬೆರಳು. ತಲೆ ಎತ್ತಿದರೆ ಅಕ್ಕ ಕಾಫಿ ಲೋಟ ಹಿಡಿದು ನಿಂತಿದ್ದಳು.

"ಅರ್ಧ ಅಬ್ಬದ್ದು ಕಣಮ್ಮಿ" ಎಂದಳು. "ಇನ್ನರ್ಧ ನಂದು."

"ನಿಂಗೆ ಇದು ಹೆಂಗೆ ಗೊತ್ತು?"

"ನೀನೇ ಅಲ್ವಾ ಯೇಳ್ಕೊಟ್ಟದ್ದು? ಪಿಸ್ತೂಲಿನ್ ಕಾಯಿಲೆಯೆಲ್ಲ ಡಬ್ಬಿಲೇ ಇರದು ಅಂತ."

ನಿಜ. ಕೆಲವು ವರ್ಷ ಅಕ್ಕ ಫೋನ್ ಮಾಡಿದಾಗಲೆಲ್ಲ ನನ್ನ ಕೆಲಸದ ಬಗ್ಗೆ ಭಾರಿ ಪ್ರೀತಿಯಿಂದ ವಿಚಾರಿಸುತ್ತಿದ್ದಳು. ಮುಚ್ಚಳ ಯಾವ ಕಡೆಗೆ ಜಾರುತ್ತದೆ, ಸ್ಪ್ರಿಂಗು ಯಾಕೆ ಹಿಡಿದುಕೊಳ್ಳುತ್ತದೆ. ತಂಗಿಯ ಮೇಲೆ ಎಷ್ಟು ಅಭಿಮಾನ ಎಂದು ನಾನು ಉಬ್ಬಿಹೋಗಿ ಗಂಟೆಗಟ್ಟಲೆ ಪಾಠ ಮಾಡಿದ್ದೆ. ಈಗ ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಆದರೆ ಅದಕ್ಕಿಂತ ಮೊದಲು ಹೇಳಲೇಬೇಕಾದ ಮಾತೊಂದಿತ್ತು.

"ಅಕ್ಕ, ಇದ್ರಿಂದ ನಿಲ್ಲೋದು ಎರಡನೇ ಗುಂಡು. ಮೊದಲ್ನೇದು ಹಾರೇ ಹಾರುತ್ತೆ."

ಅಕ್ಕ ಲೋಟವನ್ನು ಮೇಜಿನ ಮೇಲಿಟ್ಟಳು. ಫ್ರಿಜ್ಜಿನ ಕಡೆ ನೋಡಿದಳು. "ಒಂದು ಆರ್ತದಾ?" ಎಂದಳು. ನಾನು ಹೂಂ ಎಂದೆ. "ನಂಗೆ ಒಂದೇ ಸಾಕಲ್ವಾ ಕಣಮ್ಮಿ" ಎಂದು ಕುರ್ಚಿ ಎಳೆದುಕೊಂಡು ಕೂತಳು. ಅಷ್ಟು ವರ್ಷ ಆ ಹಳದಿ ಗಂಜಿಯನ್ನು ನಂಬಿ ಅವಳು ಆ ಮನೆಯಲ್ಲಿ ಕಣ್ಣು ಮುಚ್ಚುತ್ತಿದ್ದಳು.

ಭಾವ ಒಳಗೆ ಬಂದ. "ಆಯ್ತಾ?"

ಅಕ್ಕ ಎದ್ದು ನಿಂತಳು. ಅವನ ಮುಂದೆ ಎರಡು ವಾಕ್ಯ ದಾಟಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅದನ್ನ ಕೆಡ್ಸಿದ್ದು ನಾನೇ ಕಣ್ರೀ. ಎದರ್ಕೆಗೆ ಕೆಡ್ಸಿದ್ದು. ಇಲ್ಲೇ ಟೇಸನ್ಗೆ ಒಪ್ಪಿಸ್ಬುಟ್ಟು ಬನ್ನಿ, ಇಬ್ರೂ ಊರ್ಗೆ ಓಗನ. ಅದು ಮನೇಗ್ ಬಂದ್ರೆ ನಾನ್ ಬರಕಿಲ್ಲ."

ಭಾವ ಅವಳನ್ನು ನೋಡಿದ, ನನ್ನನ್ನು ನೋಡಿದ, ಮೇಜಿನ ಮೇಲೆ ಬಿಡಿಭಾಗವಾಗಿ ಬಿದ್ದಿದ್ದ ತನ್ನ ಪ್ರಾಣವನ್ನು ನೋಡಿದ. "ಸರಿ ಓಯ್ತದಾ ಇಲ್ವಾ, ಅಷ್ಟ್ ಯೇಳಮ್ಮಿ" ಎಂದ, ನನಗೆ.

"ಜೋಡ್ಸಿ ಕೊಡು" ಎಂದಳು ಅಕ್ಕ.

ನನಗೂ ಅಕ್ಕ, ಪಿಸ್ತೂಲು ಈ ಎರಡರಲ್ಲಿ ಅವನು ಯಾವುದನ್ನು ಕರೆದುಕೊಂಡು ಹೋಗುತ್ತಾನೆಂದು ನೋಡಬೇಕಿತ್ತು. ಎಲ್ಲವನ್ನೂ ತೊಳೆದು, ಒರೆಸಿ, ಜೋಡಿಸಿ, ಖಾಲಿಯಾಗಿಯೇ ಅವನ ಕೈಗೆ ಕೊಟ್ಟೆ. ಆಗಾಗ ಎಣ್ಣೆ ಹಾಕಿ ಒರೆಸಬೇಕು ಎಂದೆ. ಅದನ್ನು ಇನ್ನೊಮ್ಮೆ ಯಾರ ಕಡೆಗಾದರೂ ತಿರುಗಿಸಿದರೆ ಲೈಸೆನ್ಸ್ ರದ್ದು ಮಾಡಿ ಎಂದು ನಾನೇ ಅರ್ಜಿ ಬರೆಯುತ್ತೇನೆ ಎಂದೂ ಹೇಳಿದೆ. ಅವನು ಕೇಳಿಸಿಕೊಂಡಿದ್ದರೆ ತಾನೆ. ಸ್ಲೈಡು ಎಳೆದು ಬಿಟ್ಟು, ಎಳೆದು ಬಿಟ್ಟು ಆ ಸದ್ದನ್ನೇ ಕೇಳುತ್ತಿದ್ದ. ಮುಖದಲ್ಲಿ ಅಂಥ ಸಂತೋಷ ಮಗಳು ಹುಟ್ಟಿದಾಗಲೂ ನಾನು ಕಂಡಿರಲಿಲ್ಲ. ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬನೇ ಕಾರು ಹತ್ತಿದ.

ಅಕ್ಕ ಅತ್ತಳು. ಇಷ್ಟು ವರ್ಷ ಇವಳು ಅಡುಗೆ ಮಾಡಿ ಹಾಕಿದ್ದು ಇವನಿಗೆ.

ಅಷ್ಟರಲ್ಲಿ ಕಾರು ವಾಪಸ್ ಬಂದು ಗೇಟಿನ ಮುಂದೆ ನಿಂತ ಸದ್ದಾಯಿತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಕರೆದುಕೊಂಡು ಹೋಗಲು ಬಂದನೆಂದು ಅವಳ ಕೈ ತನ್ನಷ್ಟಕ್ಕೆ ಊಟದ ಚೀಲ ಎತ್ತಿಕೊಂಡದ್ದನ್ನು ನೋಡಿ ನನಗೆ ಸಂಕಟವಾಯಿತು. ಭಾವ ಬಾಗಿಲಲ್ಲಿ ತಲೆ ಹಾಕಿದ.

"ಅದೇನೋ ಎಣ್ಣೆ ಬುಡ್ಬೇಕು ಅಂದ್ಯಲ್ಲಮ್ಮಿ, ಯಾವ್ ಎಣ್ಣೆ ಅದು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಚೀಲ ಕೆಳಗಿಟ್ಟಳು.

"ಕೊಬ್ಬರಿ ಎಣ್ಣೆ ಕಣ್ರೀ" ಎಂದಳು. "ಧಾರಾಳವಾಗ್ ಬುಡಿ, ಒಳಗೆಲ್ಲ ಇಳಿಯಂಗೆ."

ಭಾವ ತಲೆಯಾಡಿಸಿ ಹೋದ. ಮಾಗಿಯ ಚಳಿ ಹಿಡಿದಿತ್ತು, ನಮ್ಮ ಬಚ್ಚಲಿನ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿ ಕೂತಿತ್ತು.